ಒಂದೇ ಹೆಸರಿನ ಸಮುರಾಯ್‌ಗಳು: ಯಾವ ನಾಗಾಮಾಸಾ, ಯಾವ ಯೋಶಿಟ್ಸುನೆ?

ಹೊಳೆಬದಿ ಬರೆದದ್ದು:

ಜಪಾನಿನ ಸೆಂಗೋಕು ಕಾಲದ (15–16ನೇ ಶತಮಾನ) ಬಗ್ಗೆ ಈಚೆಗೆ ಓದುತ್ತಿದ್ದೇನೆ. ಸೀಮೆಗೊಬ್ಬ ದೊರೆ, ಬೆಟ್ಟಕ್ಕೊಂದು ಕೋಟೆ, ಬೇಸಿಗೆಗೊಂದು ಯುದ್ಧ ಅನ್ನೋ ಹಾಗಿದ್ದ ಕಾಲ. ತುಂಬಾ ಹಿಡಿಸಿದೆ. ಆದರೆ ಹೆಸರುಗಳು ಬಂದಾಗ ನಿಂತುಬಿಡುತ್ತೇನೆ.

ಬಿವಾ ಸರೋವರದ ಹತ್ತಿರ ಒಬ್ಬ ನಾಗಾಮಾಸಾ. ಜಪಾನನ್ನು ಒಂದುಗೂಡಿಸಲು ಹೊರಟ ದೊರೆ ಓಡಾ ನೊಬುನಾಗಾನ ತಂಗಿಯನ್ನು ಮದುವೆಯಾಗಿ, ಆಮೇಲೆ ಅವನಿಗೇ ತಿರುಗಿಬಿದ್ದು 1573ರಲ್ಲಿ ಸಾಯುತ್ತಾನೆ. ಸ್ವಲ್ಪ ಮುಂದೆ ಹೋದರೆ ನೊಬುನಾಗಾನ ನಂತರ ಅಧಿಕಾರ ಹಿಡಿದ ಹಿಡೆಯೋಶಿಯ ಆಡಳಿತ ನೋಡಿಕೊಳ್ಳೋ ಒಬ್ಬ ನಾಗಾಮಾಸಾ. 1600ರ ಸೆಕಿಗಹಾರಾ ಯುದ್ಧಕ್ಕೆ ಬಂದರೆ ಅಲ್ಲೂ ಒಬ್ಬ ನಾಗಾಮಾಸಾ. ಮೂವರೂ ಬೇರೆ ಬೇರೆ ಅಂತ ಗೊತ್ತು. ನನಗೆ ತಿಳಿಯಬೇಕಾದ್ದು, ಇಷ್ಟು ಜನರಿಗೆ ಒಂದೇ ಹೆಸರು ಬಂದದ್ದು ಹೇಗೆ ಅಂತ. ಸುಮ್ನೆ ಹಾಗೆ ಆಯಿತಾ, ಅಥವಾ ಬೇಕಂತಲೇ ಇಟ್ಟರಾ? ಓದಿಕೊಂಡವರು ಸ್ವಲ್ಪ ವಿವರವಾಗಿ ಹೇಳಿ.

ಕೋಟೆಕೊತ್ತಲ:

ಒಳ್ಳೆ ಪ್ರಶ್ನೆ. ಮೂವರೂ ಬರೆಯುತ್ತಿದ್ದ ಅಕ್ಷರಗಳೂ ಒಂದೇ, ಓದುವುದೂ ಒಂದೇ. ಆದರೆ ಮೂವರಿಗೂ ಹೆಸರು ಬಂದ ದಾರಿ ಬೇರೆ.

ಮೊದಲು ಒಂದು ವಿಷಯ. ಸಮುರಾಯ್ ಹುಡುಗನಿಗೆ ಹುಟ್ಟಿದಾಗ ಇಡುವ ಹೆಸರು ಬೇರೆ. ಹದಿಹರೆಯದಲ್ಲಿ ಗೆಂಪುಕು ಅಂತ ಒಂದು ಶಾಸ್ತ್ರ ಮಾಡುತ್ತಾರೆ. ಕೂದಲು ಕಟ್ಟಿ, ತಲೆಗೆ ದೊಡ್ಡವರ ಟೋಪಿ ಇಟ್ಟು, ಅವತ್ತು ಅವನಿಗೆ ದೊಡ್ಡವನ ಹೆಸರು ಕೊಡುತ್ತಾರೆ. ಆ ಹೆಸರು ಸಾಮಾನ್ಯವಾಗಿ ಎರಡು ಚಿತ್ರಾಕ್ಷರದ್ದು. ಅದರಲ್ಲಿ ಒಂದು ಮನೆತನದ ಅಕ್ಷರ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದ್ದು. ಇನ್ನೊಂದು ಹೊಸದು, ಅಥವಾ ಒಡೆಯನಿಂದ ಬಂದದ್ದು.

ಅಜಾಯಿ ನಾಗಾಮಾಸಾನನ್ನು ನೋಡಿ. ಅವನ ಅಜ್ಜ ಸುಕೆಮಾಸಾ, ಅಪ್ಪ ಹಿಸಾಮಾಸಾ. ಅಂದರೆ "ಮಾಸಾ" ಅವರ ಮನೆಯ ಅಕ್ಷರ. ಇವನಿಗೆ ಮೊದಲು ಬಂದ ಹೆಸರು ಕಟಾಮಾಸಾ. ಆ "ಕಟಾ" ಕೊಟ್ಟವನು ಪಕ್ಕದ ಸೀಮೆಯ ರೊಕ್ಕಾಕು ಯೋಶಿಕಟಾ. ಆಗ ಅಜಾಯಿಗಳು ರೊಕ್ಕಾಕು ಮನೆಯ ಕೈಕೆಳಗಿದ್ದರು. 1560ರಲ್ಲಿ ಈ ಹುಡುಗ ರೊಕ್ಕಾಕು ಸೈನ್ಯವನ್ನು ಸೋಲಿಸಿದ. ಆಮೇಲೆ ಅವರ ಅಕ್ಷರ ಇಟ್ಟುಕೊಂಡು ಏನು ಮಾಡುವುದು? "ಕಟಾ" ಹೋಯಿತು, "ನಾಗಾ" ಬಂತು. ಆ "ನಾಗಾ" ನೊಬುನಾಗಾನಿಂದ ಬಂದದ್ದು ಅಂತ ಹಲವರು ಹೇಳುತ್ತಾರೆ.

ಅಸಾನೊ ನಾಗಾಮಾಸಾನ ಕಥೆ ತಿರುಗುಮುರುಗು. ಅವನು ಅಸಾನೊ ನಾಗಾಕಟ್ಸುವಿನ ಮನೆಗೆ ದತ್ತು ಬಂದವನು. ಅಲ್ಲಿ "ನಾಗಾ" ಮನೆಯ ಅಕ್ಷರ. ಬಾಳಿನ ಬಹುಪಾಲು ಅವನ ಹೆಸರು ನಾಗಾಯೋಶಿ. ಕೊನೆಯ ಘಟ್ಟದಲ್ಲಿ ನಾಗಾಮಾಸಾ ಅಂತ ಬದಲಾಯಿಸಿಕೊಂಡ. ಅದೇ ಮನೆಗೆ ದತ್ತು ಬಂದಿದ್ದ ನೆನೆ ಹಿಡೆಯೋಶಿಯ ಹೆಂಡತಿ. ಹಾಗಾಗಿ ಇವನು ಹಿಡೆಯೋಶಿಗೆ ಒಳಗಿನ ಮನುಷ್ಯ, ಐದು ಮಂದಿ ಆಡಳಿತಗಾರರಲ್ಲಿ ಒಬ್ಬ. ಇವನ ವಂಶದ ಒಂದು ಕವಲಿನಲ್ಲಿ ಮುಂದೆ ಅಕೋ ಸಂಸ್ಥಾನದ ಅಸಾನೊ ನಾಗಾನೊರಿ ಹುಟ್ಟಿದ. 1701ರಲ್ಲಿ ಎಡೋ (ಈಗಿನ ಟೋಕಿಯೋ) ಅರಮನೆಯಲ್ಲಿ ಕತ್ತಿ ಎಳೆದು ಅದೇ ದಿನ ಹೊಟ್ಟೆ ಸೀಳಿಕೊಳ್ಳಬೇಕಾಗಿ ಬಂದವನು, 47 ರೋನಿನ್‌ಗಳ (ಒಡೆಯನನ್ನು ಕಳಕೊಂಡ ಸಮುರಾಯ್‌ಗಳ) ಒಡೆಯ. ಅಲ್ಲೂ "ನಾಗಾ" ಇದೆ ನೋಡಿ.

ಅಂದರೆ ಒಬ್ಬನಿಗೆ ಹೆಸರಿನ ಹಿಂಭಾಗ ಪಿತ್ರಾರ್ಜಿತ, ಇನ್ನೊಬ್ಬನಿಗೆ ಮುಂಭಾಗ ಪಿತ್ರಾರ್ಜಿತ. ಎರಡು ಕಡೆಯಿಂದ ಬಂದು ಒಂದೇ ಹೆಸರಾಯಿತು.

ಮೂರನೆಯವನು ಕುರೋಡಾ ನಾಗಾಮಾಸಾ, 1568ರಲ್ಲಿ ಹುಟ್ಟಿದವನು. ಅಪ್ಪ ಕುರೋಡಾ ಕಾನ್‌ಬೆ, ಹಿಡೆಯೋಶಿಯ ತಂತ್ರಗಾರ. ಹುಡುಗನಾಗಿದ್ದಾಗ ಇವನ ಹೆಸರು ಶೋಜುಮಾರು, ಒತ್ತೆಯಾಳಾಗಿ ನಾಗಾಹಾಮಾ ಕೋಟೆಯಲ್ಲಿದ್ದ. ಆ ನಾಗಾಹಾಮಾ ಎಲ್ಲಿದೆ ಗೊತ್ತಾ? ಸೋತುಹೋದ ಅಜಾಯಿ ನಾಗಾಮಾಸಾನ ಸೀಮೆಯಲ್ಲೇ, ಹಿಡೆಯೋಶಿ ಹೊಸದಾಗಿ ಕಟ್ಟಿದ್ದು. ಒಬ್ಬ ನಾಗಾಮಾಸಾನ ನೆಲದಲ್ಲಿ ಇನ್ನೊಬ್ಬ ನಾಗಾಮಾಸಾ ಬೆಳೆದ. 1578ರಲ್ಲಿ ಕಾನ್‌ಬೆ ಅರಿಯೋಕಾ ಕೋಟೆಯಲ್ಲಿ ಸೆರೆ ಸಿಕ್ಕ. ಅವನು ಶತ್ರುಗಳ ಕಡೆ ಸೇರಿದ ಅಂತ ನೊಬುನಾಗಾ ತಿಳಿದು, ಮಗನನ್ನು ಕೊಲ್ಲಿ ಅಂದ. ಟಾಕೆನಾಕಾ ಹಾನ್‌ಬೆ ಹುಡುಗನನ್ನು ಬಚ್ಚಿಟ್ಟು ಉಳಿಸಿದ. ಆ ಹುಡುಗನೇ ಮುಂದೆ ಸೆಕಿಗಹಾರಾದಲ್ಲಿ, ಆ ಯುದ್ಧ ಗೆದ್ದು ಜಪಾನನ್ನು ಆಳಿದ ಟೊಕುಗಾವಾ ಇಯೆಯಾಸು ಪರ ಹೋರಾಡಿ ಫುಕುಓಕಾ ಸಂಸ್ಥಾನ ಪಡೆದ.

ಮುಂಗಾರುಗಾಳಿ:

ನಾಲ್ಕನೆಯ ನಾಗಾಮಾಸಾನನ್ನು ಬಿಡಬೇಡಿ ಸರ್. ಯಾಮಾಡಾ ನಾಗಾಮಾಸಾ. ಅವನೂ ಅದೇ ಅಕ್ಷರ ಬರೆಯುತ್ತಿದ್ದ. ಹುಟ್ಟಿನಿಂದ ದೊಡ್ಡ ಸಮುರಾಯ್ ಅಲ್ಲ, ನುಮಾಜು ದೊರೆಯ ಪಲ್ಲಕ್ಕಿ ಹೊರುತ್ತಿದ್ದವನು. ಹಡಗು ಹತ್ತಿ ಸಯಾಮಿಗೆ, ಅಂದರೆ ಈಗಿನ ಥಾಯ್ಲೆಂಡಿಗೆ ಹೋದ. ಅಲ್ಲಿನ ರಾಜಧಾನಿ ಅಯುತಯಾದಲ್ಲಿ ಜಪಾನೀಯರದೇ ಒಂದು ಕೇರಿ ಇತ್ತು, ಅದರ ಮುಖಂಡನಾದ, ಅಲ್ಲಿನ ರಾಜನ ಸೈನ್ಯದಲ್ಲಿ ದೊಡ್ಡ ಪದವಿ ಪಡೆದ. 1630ರಲ್ಲಿ ದಕ್ಷಿಣದ ಲಿಗೋರ್‌ನಲ್ಲಿ ಸತ್ತ. ಅಜಾಯಿ, ಅಸಾನೊ, ಕುರೋಡಾ ಮೂವರಿಗೂ ಇವನಿಗೂ ಯಾವ ನಂಟೂ ಇಲ್ಲ.

ಹೊಳೆಬದಿ:

ಅದ್ಭುತ. ನಾಲ್ಕೂ ಬೇರೆ ಬೇರೆ ದಾರಿ. ಕೋಟೆಕೊತ್ತಲ ಸರ್, "ಒಡೆಯನಿಂದ ಬಂದ ಅಕ್ಷರ" ಅಂದಿರಲ್ಲ, ಅದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳ್ತೀರಾ? ಕೊಡೋದು ಅಂದರೆ ಏನು? ಪತ್ರ ಬರೆದು ಕೊಡ್ತಿದ್ರಾ?

ಅಕ್ಷರಮಾಲೆ:

ಹೌದು, ಪತ್ರವೇ. ಒಂದು ಕಾಗದದ ಮೇಲೆ ದೊಡ್ಡದಾಗಿ ಆ ಅಕ್ಷರ ಬರೆದು ಕೊಡುತ್ತಿದ್ದರು. ಅಂಥ ಕಾಗದಗಳು ಇವತ್ತಿಗೂ ಉಳಿದಿವೆ. ಪಡೆದವರು ಚಿನ್ನ, ಕತ್ತಿ, ಕುದುರೆ ಕಾಣಿಕೆ ಕೊಡುತ್ತಿದ್ದರು. ಶೋಗನ್ ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ನಾಡು ಆಳುವ ಸೇನಾಧಿಪತಿ. ಕೊನೆಕೊನೆಗೆ ಅಶಿಕಾಗಾ ಮನೆತನದ ಶೋಗನ್‌ಗಳ ಕೈಯಲ್ಲಿ ಸೈನ್ಯ ಇರಲಿಲ್ಲ, ನೆಲ ಇರಲಿಲ್ಲ. ಆದರೆ ಹೆಸರು ಇತ್ತು. ಅದನ್ನು ಹಂಚುತ್ತಾ ಹೋದರು.

ಶೋಗನ್ ಯೋಶಿಹಾರು ಕೊಟ್ಟ "ಹಾರು"ವಿನಿಂದ ಟಕೇಡಾ ಹಾರುನೊಬು ಆದ. ಮುಂದೆ ಶಿಂಗೆನ್ ಅಂತ ನಾವೆಲ್ಲ ಕೇಳಿರೋದು ಅವನನ್ನೇ. ಯೋಶಿಹಾರುವಿನ ಮಗ ಯೋಶಿಟೆರು ಶೋಗನ್ ಆದಾಗ "ಟೆರು" ಹಂಚಿದ. ಉತ್ತರದ ಡಾಟೆ ಟೆರುಮುನೆ, ಪಶ್ಚಿಮದ ಮೋರಿ ಟೆರುಮೊಟೊ, ಎಚಿಗೊದ ಉಎಸುಗಿ ಟೆರುಟೋರಾ, ಮೂವರಿಗೂ ಅದೇ "ಟೆರು". ಹೆಸರು ನೋಡಿದರೆ ಅಣ್ಣತಮ್ಮಂದಿರು ಅನ್ನಿಸುತ್ತೆ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ. ಇನ್ನೂ ಜಾಸ್ತಿ ಮರ್ಯಾದೆ ಬೇಕಾದವರಿಗೆ ಶೋಗನ್ ಮನೆತನದ್ದೇ ಆದ "ಯೋಶಿ"ಯನ್ನು ಕೊಡುತ್ತಿದ್ದರು. ಕ್ಯುಶುವಿನ ಶಿಮಾಜು ಯೋಶಿಹಿಸಾ, ಇಜುಮೊದ ಅಮಾಗೊ ಯೋಶಿಹಿಸಾ, ಇಬ್ಬರೂ ಒಂದೇ ಕಾಲದವರು, ಇಬ್ಬರ ಅಕ್ಷರಗಳೂ ಒಂದೇ. ಎರಡೂ ಕಡೆ "ಯೋಶಿ" ಅದೇ ಶೋಗನ್ ಯೋಶಿಟೆರುವಿನಿಂದ ಬಂದದ್ದು. ಇಂಥ ಕಡೆ ಒಂದೇ ಹೆಸರು ಕಂಡರೆ, ಅದರ ಹಿಂದೆ ಒಂದೇ ಕೈ ಇದೆ ಅಂತ ತಿಳಿಯಬೇಕು.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಅಶಿಕಾಗಾ ಟಕಾಉಜಿ, ಆ ಮನೆಯ ಮೊದಲ ಶೋಗನ್. ಮೊದಲು, ಆಗ ಕಾಮಾಕುರಾದಿಂದ ಆಳುತ್ತಿದ್ದ ಹೋಜೋ ಮನೆಯ ಟಕಾಟೋಕಿಯಿಂದ "ಟಕಾ" ಪಡೆದು ಟಕಾಉಜಿ ಆದ. 1333ರಲ್ಲಿ ಅದೇ ಹೋಜೋಗಳ ಮೇಲೆ ತಿರುಗಿಬಿದ್ದು ಚಕ್ರವರ್ತಿ ಗೊಡಾಯ್ಗೊ ಕಡೆ ಸೇರಿದ. ಚಕ್ರವರ್ತಿಯ ಸ್ವಂತ ಹೆಸರು ಟಕಾಹಾರು. ಅವನು ತನ್ನ "ಟಕಾ" ಕೊಟ್ಟ. ಈಗಲೂ ಟಕಾಉಜಿಯೇ. ಕೂಗುವಾಗ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬರೆದಾಗ ಮಾತ್ರ ಹಳೇ ಒಡೆಯನ ಅಕ್ಷರ ಹೋಗಿ ಹೊಸ ಒಡೆಯನದು ಬಂದಿದೆ.

ಮತ್ತೆ ಡಾಟೆ ಮನೆಯ ಅಣ್ಣತಮ್ಮಂದಿರು. ಡಾಟೆ ಮಾಸಾಮುನೆಯ ಹಿರಿಮಗ ಹಿಡೆಮುನೆ, ಹಿಡೆಯೋಶಿಯ "ಹಿಡೆ" ಪಡೆದವನು. ಅಷ್ಟರಲ್ಲಿ ಕಾಲ ಬದಲಾಯಿತು, ಇಯೆಯಾಸುನ ಟೊಕುಗಾವಾ ಮನೆಯವರು ಶೋಗನ್‌ಗಳಾದರು. ತಮ್ಮನಿಗೆ ಎರಡನೇ ಶೋಗನ್ ಹಿಡೆಟಾಡಾನ "ಟಾಡಾ" ಸಿಕ್ಕಿ ಟಾಡಾಮುನೆ ಆದ. ಸೆಂಡಾಯ್ ಸಂಸ್ಥಾನ ಸಿಕ್ಕಿದ್ದು ಯಾರಿಗೆ? ಟಾಡಾಮುನೆಗೆ. ಹಿಡೆಮುನೆಗೆ ದೂರದ ಶಿಕೋಕುವಿನ ಉವಾಜಿಮಾ. ತಾಯಿ ಬೇರೆ ಎಂಬ ಕಾರಣವೂ ಇತ್ತು, ಆದರೆ ಆ ಎರಡು ಹೆಸರು ಪಕ್ಕಪಕ್ಕ ಇಟ್ಟು ನೋಡಿದರೆ ಗಾಳಿ ಯಾವ ಕಡೆ ಬೀಸಿತು ಅಂತ ತಿಳಿಯುತ್ತದೆ.

ಸಕ್ಕರೆಸೀಮೆ:

ನಮ್ಮಲ್ಲಿ ಇಮ್ಮಡಿ ಪುಲಕೇಶಿ, ಆರನೇ ವಿಕ್ರಮಾದಿತ್ಯ, ಮುಮ್ಮಡಿ ಕೃಷ್ಣರಾಜ ಅಂತ ಲೆಕ್ಕ ಹಾಕಿ ಹೇಳ್ತೀವಿ. ಜಪಾನಿನಲ್ಲಿ ಹಾಗೆ ಇಲ್ವಾ? ಅಜ್ಜನ ಹೆಸರು ಮೊಮ್ಮಗನಿಗೆ ಇಡೋದು?

ಕೋಟೆಕೊತ್ತಲ:

ಸಮುರಾಯ್‌ಗಳಲ್ಲಿ ಪೂರ್ತಿ ಹೆಸರನ್ನು ಮರಳಿ ಇಡುವುದು ಕಡಿಮೆ. ಅರ್ಧ ಮಾತ್ರ ಇಳಿಯುತ್ತದೆ, ಇನ್ನರ್ಧ ಬದಲಾಗುತ್ತದೆ. ಮಗುವಿನ ಹೆಸರು ಮಾತ್ರ ಮರಳಿ ಬರುತ್ತದೆ. ಇಯೆಯಾಸು ಮಗುವಾಗಿದ್ದಾಗ ಟಾಕೆಚಿಯೊ. ಅವನ ಅಪ್ಪನೂ ಟಾಕೆಚಿಯೊ, ಹಿರಿಮಗನೂ ಟಾಕೆಚಿಯೊ, ಮೊಮ್ಮಗ ಇಯೆಮಿಟ್ಸು ಕೂಡ ಟಾಕೆಚಿಯೊ. ಆ ಮನೆಯಲ್ಲಿ ಟಾಕೆಚಿಯೊ ಅಂದರೆ ಮುಂದಿನ ವಾರಸುದಾರ ಅಂತ ಅರ್ಥ.

ಪೂರ್ತಿ ಹೆಸರು ಮರಳಿ ಬಂದ ದೊಡ್ಡ ಉದಾಹರಣೆ ಅಂದರೆ ಮಾಸಾಮುನೆ. ಒಕ್ಕಣ್ಣಿನ ವೀರ ಅಂತ ಹೆಸರಾದ ಡಾಟೆ ಮಾಸಾಮುನೆ (1567–1636) ಆ ಮನೆಯ 17ನೇ ಯಜಮಾನ. ಅವನಿಗಿಂತ ಮೊದಲು 9ನೇ ಯಜಮಾನನೂ ಡಾಟೆ ಮಾಸಾಮುನೆಯೇ, 1353ರಿಂದ 1405ರವರೆಗೆ ಬದುಕಿದವನು. ಕುಟುಂಬವನ್ನು ಎತ್ತಿ ನಿಲ್ಲಿಸಿದವನು ಅಂತ ಅವನಿಗೆ ಮನೆಯಲ್ಲಿ ವಿಶೇಷ ಗೌರವ. ಎರಡು ಶತಮಾನ ಕಳೆದ ಮೇಲೆ 1577ರಲ್ಲಿ ಟೆರುಮುನೆ ತನ್ನ ಮಗನಿಗೆ ಗೆಂಪುಕು ಮಾಡಿದಾಗ ಆ ಹೆಸರನ್ನೇ ಎತ್ತಿಕೊಟ್ಟ. ಗಮನಿಸಿ, ಆ ಮನೆಯಲ್ಲಿ ಹಿಂದಿನ ಯಜಮಾನರು ಶೋಗನ್‌ನ ಅಕ್ಷರ ಬೇಡಿ ಪಡೆದಿದ್ದರು. ಟೆರುಮುನೆಯ "ಟೆರು" ಹಾಗೇ ಬಂದದ್ದು. ಮಗನ ಹೊತ್ತಿಗೆ ಶೋಗನ್ ಯೋಶಿಯಾಕಿಯನ್ನು ನೊಬುನಾಗಾ ಕ್ಯೋಟೋದಿಂದ ಓಡಿಸಿ ನಾಲ್ಕು ವರ್ಷ ಆಗಿತ್ತು. ಟೆರುಮುನೆ ಹೊರಗೆ ನೋಡಲಿಲ್ಲ, ತನ್ನ ಮನೆಯ ಹಿರಿಯನ ಹೆಸರನ್ನೇ ತಂದ.

ಇಬ್ಬರನ್ನೂ ಬೇರೆ ಮಾಡಿ ಹೇಳಬೇಕಾದಾಗ ಹಳಬನನ್ನು ಅವನ ಪದವಿ ಸೇರಿಸಿ "ಡಾಯ್ಜೆನ್ ಡಾಯು ಮಾಸಾಮುನೆ" ಅನ್ನುತ್ತಾರೆ. ಮೊದಲನೆಯವನು, ಎರಡನೆಯವನು ಅಂತ ಎಣಿಸುವ ರೂಢಿ ಇಲ್ಲ. ಇನ್ನು ಕತ್ತಿ ಮಾಡುತ್ತಿದ್ದ ಪ್ರಸಿದ್ಧ ಕಮ್ಮಾರ ಮಾಸಾಮುನೆ ಇದ್ದಾನಲ್ಲ, ಅವನ "ಮಾಸಾ" ಬೇರೆ ಅಕ್ಷರ. ಉಚ್ಚಾರ ಮಾತ್ರ ಒಂದೇ.

ಇದಕ್ಕಿಂತ ಮನಸ್ಸಿಗೆ ತಟ್ಟುವುದು ಕಗೆಟೋರಾನ ಕಥೆ. ಉಎಸುಗಿ ಕೆನ್‌ಶಿನ್ ಅಂತ ನಮಗೆ ಗೊತ್ತಿರುವವನ ಮೊದಲ ಹೆಸರು ನಾಗಾಒ ಕಗೆಟೋರಾ. ಉಎಸುಗಿ ಮನೆಗೆ ದತ್ತು ಹೋಗಿ 1561ರಲ್ಲಿ ಮಾಸಾಟೋರಾ, ಅದೇ ವರ್ಷದ ಕೊನೆಗೆ ಶೋಗನ್ ಕೊಟ್ಟ ಅಕ್ಷರದಿಂದ ಟೆರುಟೋರಾ, 1570ರಲ್ಲಿ ಕೆನ್‌ಶಿನ್. ಆ 1570ರಲ್ಲೇ ಶತ್ರುಗಳಾಗಿದ್ದ ಹೋಜೋಗಳ (ಕಾಮಾಕುರಾದ ಹಳೇ ಹೋಜೋಗಳಲ್ಲ, ಬೇರೆ ಮನೆ) ಜೊತೆ ಸಂಧಿಯಾಗಿ, ಹೋಜೋ ಉಜಿಯಾಸುವಿನ ಒಬ್ಬ ಮಗ ಅವನ ಹತ್ತಿರ ಬಂದ. ಬಂದದ್ದು ಒತ್ತೆಯಾಳಿನ ಹಾಗೆ. ಕೆನ್‌ಶಿನ್‌ಗೆ ಹೆಂಡತಿ ಮಕ್ಕಳಿರಲಿಲ್ಲ. ಈ ಹುಡುಗನನ್ನು ದತ್ತು ತೆಗೆದುಕೊಂಡು ತನ್ನದೇ ಹಳೇ ಹೆಸರನ್ನು ಪೂರ್ತಿಯಾಗಿ ಕೊಟ್ಟ: ಕಗೆಟೋರಾ. ಒಂದಕ್ಷರ ಕೊಡುವುದೇ ದೊಡ್ಡ ಮರ್ಯಾದೆ ಆಗಿದ್ದ ಕಾಲದಲ್ಲಿ ಎರಡೂ ಅಕ್ಷರ ಕೊಟ್ಟ!

ಆದರೆ ಇನ್ನೊಬ್ಬ ದತ್ತುಮಗನೂ ಇದ್ದ, ಸ್ವಂತ ಅಕ್ಕನ ಮಗ. ಅವನಿಗೆ ಕೆನ್‌ಶಿನ್ ಕಗೆಕಟ್ಸು ಅಂತ ಹೆಸರಿಟ್ಟಿದ್ದ. 1578ರಲ್ಲಿ ಯಾರು ವಾರಸುದಾರ ಅಂತ ಹೇಳದೆ ಕೆನ್‌ಶಿನ್ ತೀರಿಕೊಂಡ. ಇಬ್ಬರೂ ಕಾದಾಡಿದರು. 1579ರಲ್ಲಿ ಸಮೆಗಾಒ ಕೋಟೆಯಲ್ಲಿ ಕಗೆಟೋರಾ ಪ್ರಾಣ ಕಳಕೊಂಡ. ಹೆಸರು ಪೂರ್ತಿ ಸಿಕ್ಕವನಿಗೆ ಸೀಮೆ ಸಿಗಲಿಲ್ಲ.

ಮುಂಗಾರುಗಾಳಿ:

ಕಗೆಟೋರಾ ಉದಾಹರಣೆ ಒಪ್ಪುತ್ತೇನೆ. ಆದರೆ "ಗೌರವದಿಂದ ಇಟ್ಟ ಹೆಸರು" ಅನ್ನೋದನ್ನು ಎಲ್ಲಾ ಕಡೆ ಹಚ್ಚಬಾರದು. ಸನಾಡಾ ನೊಬುಶಿಗೆ ವಿಷಯ ತಗೊಳ್ಳಿ. ಟಕೇಡಾ ಶಿಂಗೆನ್‌ನ ತಮ್ಮ ಟಕೇಡಾ ನೊಬುಶಿಗೆ, 1561ರ ಕವಾನಾಕಾಜಿಮಾ ಯುದ್ಧದಲ್ಲಿ ಸತ್ತವನು. ಮನೆಯವರಿಗೆಲ್ಲ ಅವನ ಮೇಲೆ ತುಂಬಾ ಅಭಿಮಾನ. ಟಕೇಡಾ ಸೇವೆಯಲ್ಲಿದ್ದ ಸನಾಡಾ ಮಾಸಾಯುಕಿ ತನ್ನ ಎರಡನೇ ಮಗನಿಗೆ ಆ ಹೆಸರನ್ನೇ ಇಟ್ಟ ಅಂತ ಎಲ್ಲೆಲ್ಲೂ ಬರೆಯುತ್ತಾರೆ. ಅಕ್ಷರಗಳೂ ಒಂದೇ, ನಂಬುವ ಹಾಗೂ ಇದೆ. ಆದರೆ ಮಾಸಾಯುಕಿ ಸ್ವತಃ "ಇದಕ್ಕಾಗಿ ಇಟ್ಟೆ" ಅಂತ ಹೇಳಿದ ಸಾಕ್ಷಿ ತೋರಿಸದೆ ಅದನ್ನು ಖಚಿತ ಅನ್ನಬಾರದು. "ನೊಬು" ಟಕೇಡಾ ಮನೆಯ ಅಕ್ಷರ, ಆ ಸೀಮೆಯಲ್ಲಿ "ನೊಬು" ಇಲ್ಲದ ಹೆಸರು ಹುಡುಕುವುದೇ ಕಷ್ಟ. ಟಕೇಡಾ ನೊಬುನಾಗಾ ಅಂತಲೇ ಒಬ್ಬನಿದ್ದ, 15ನೇ ಶತಮಾನದಲ್ಲಿ ಕಜುಸಾ ಕಡೆ ಹೋಗಿ ಅಲ್ಲಿ ಟಕೇಡಾ ಕವಲು ಶುರು ಮಾಡಿದವನು. ಓಡಾ ನೊಬುನಾಗಾನಿಗೂ ಅವನಿಗೂ ಅಕ್ಷರ ಒಂದೇ. ಅದಕ್ಕೂ ಒಂದು ಕಥೆ ಕಟ್ಟಲು ಆಗುತ್ತಾ? ಎರಡು ಮನೆಯಲ್ಲೂ "ನೊಬು" ಇತ್ತು, ಎರಡು ಕಡೆಯೂ "ನಾಗಾ" ಸೇರಿತು, ಅಷ್ಟೇ.

ಅಜಾಯಿಯ "ನಾಗಾ" ಬಗ್ಗೆಯೂ ನನಗೆ ಇದೇ ಮಾತು. ನೊಬುನಾಗಾನಿಂದ ಬಂತು ಅನ್ನಲು ಕಾಲ ಸರಿಹೊಂದಬೇಕು. ಅವನು ಹೆಸರು ಬದಲಾಯಿಸಿದ್ದು ರೊಕ್ಕಾಕು ಕೈಯಿಂದ ಬಿಡಿಸಿಕೊಂಡ ಹೊತ್ತಿಗೆ, ಓಡಾ ಜೊತೆಗಿನ ಮದುವೆ ಯಾವ ವರ್ಷ ಅನ್ನೋದರ ಬಗ್ಗೆಯೇ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ.

ಕೋಟೆಕೊತ್ತಲ:

ನಿಮ್ಮ ಮಾತಿನಲ್ಲಿ ತೂಕ ಇದೆ. ಅದಕ್ಕೇ ನಾನು "ಹಲವರು ಹೇಳುತ್ತಾರೆ" ಅಂತಲೇ ಬರೆದದ್ದು. ಸನಾಡಾ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಗೌರವದ ಕಡೆಗೇ ವಾಲುತ್ತದೆ. ಮಾಸಾಯುಕಿ ಚಿಕ್ಕವನಿದ್ದಾಗಿನಿಂದ ಶಿಂಗೆನ್‌ನ ಹತ್ತಿರ ಬೆಳೆದವನು. ಸತ್ತು ಹೆಚ್ಚು ವರ್ಷ ಆಗಿರದ ಒಡೆಯನ ತಮ್ಮನ ಹೆಸರು, ಅದೂ ಎರಡೂ ಅಕ್ಷರ, ಅವನಿಗೆ ನೆನಪಿಲ್ಲದೆ ಮಗನಿಗೆ ಬಂತು ಅನ್ನೋದು ನನಗೆ ಒಪ್ಪಲು ಕಷ್ಟ.

ವಿಪರ್ಯಾಸ ಅಂದರೆ ಆ ಮಗನನ್ನು ಜಗತ್ತು ನೊಬುಶಿಗೆ ಅಂತ ಕರೆಯುವುದೇ ಇಲ್ಲ. ಯುಕಿಮುರಾ ಅನ್ನುತ್ತಾರೆ. ಅವನು 1615ರಲ್ಲಿ ಒಸಾಕಾದಲ್ಲಿ ಸತ್ತು ಅರ್ಧ ಶತಮಾನ ಕಳೆದ ಮೇಲೆ ಬಂದ ಯುದ್ಧಕಥೆಗಳಿಂದ ಹರಡಿದ ಹೆಸರು ಅದು. ಅವನ ಸಹಿ ಇರುವ ಪತ್ರಗಳಲ್ಲಿ ಇರುವುದು ನೊಬುಶಿಗೆ.

ಕಾಮೋನದಿ:

ನಾನು ಕೆಲಸದ ಮೇಲೆ ಕ್ಯೋಟೋದಲ್ಲಿದ್ದೇನೆ. ಇಲ್ಲಿಯವರೆಗೆ ಎಲ್ಲರೂ ಯೋಧರ ಬಗ್ಗೆ ಬರೆದಿದ್ದೀರಿ, ಆಸ್ಥಾನದ ಕುಲೀನರನ್ನು ಯಾರೂ ಮುಟ್ಟಿಲ್ಲ. ಅವರ ಮತ್ತು ಸಮುರಾಯ್‌ಗಳ ಹೆಸರು ಡಿಕ್ಕಿ ಹೊಡೆದಾಗ ಏನಾಗುತ್ತಿತ್ತು ಅನ್ನೋದಕ್ಕೆ ಒಂದು ಪ್ರಸಂಗ ಇದೆ. ನನಗೆ ಗೊತ್ತಿರುವ ಎಲ್ಲಾ ಹೆಸರಿನ ಕಥೆಗಳಲ್ಲಿ ಇದೇ ದೊಡ್ಡದು.

ಮಿನಾಮೊಟೊ ಯೋಶಿಟ್ಸುನೆ ಎಲ್ಲರಿಗೂ ಗೊತ್ತು. 1185ರಲ್ಲಿ ಡಾನ್ನೊಉರಾದಲ್ಲಿ ಮಿನಾಮೊಟೊಗಳ ಎದುರಾಳಿ ಕುಲವಾದ ಟಾಯ್ರಾಗಳನ್ನು ಮುಗಿಸಿದ ವೀರ. ಅದೇ ವರ್ಷ ಅಣ್ಣ ಯೊರಿಟೊಮೊ ಜೊತೆ ಕೆಟ್ಟು, ಕ್ಯೋಟೋ ಬಿಟ್ಟು ಓಡಬೇಕಾಯಿತು. ಅವನನ್ನು ಹಿಡಿಯಲು ಆಸ್ಥಾನದಿಂದ ಆಜ್ಞೆ ಹೊರಡಬೇಕು. ಆದರೆ ಒಂದು ತೊಂದರೆ. ಆಸ್ಥಾನದ ದೊಡ್ಡ ಮಂತ್ರಿ ಕುಜೋ ಕಾನೆಜಾನೆಯ ಮಗನ ಹೆಸರೂ ಯೋಶಿಟ್ಸುನೆ. "ಯೋಶಿ"ಯ ಅಕ್ಷರ ಬೇರೆ, ಆದರೆ ಓದಿದರೆ ಒಂದೇ. ಮಂತ್ರಿಯ ಮಗನ ಹೆಸರನ್ನು ರಾಜದ್ರೋಹಿಯ ಹೆಸರಾಗಿ ಓದುವುದು ಹೇಗೆ?

ಏನು ಮಾಡಿದರು ಗೊತ್ತಾ? 1186ರಲ್ಲಿ ಓಡಿಹೋದವನ ಹೆಸರನ್ನೇ ಬದಲಾಯಿಸಿದರು! ಅವನು ಎಲ್ಲೋ ಕಾಡಿನಲ್ಲಿ ತಲೆಮರೆಸಿಕೊಂಡಿದ್ದಾನೆ, ಇತ್ತ ಕಡತದಲ್ಲಿ ಅವನು ಯೋಶಿಯುಕಿ ಆದ. ತಿಂಗಳುಗಳು ಕಳೆದರೂ ಸಿಗಲಿಲ್ಲ. ಆಗ ಇನ್ನೊಂದು ಚರ್ಚೆ ಎದ್ದಿತು. "ಯುಕಿ" ಅಕ್ಷರಕ್ಕೆ ಹೋಗು ಅನ್ನುವ ಅರ್ಥ ಇದೆ. ಚೆನ್ನಾಗಿ ಹೋಗುವವನು ಅಂತ ಹೆಸರಿಟ್ಟರೆ ಅವನು ಸಿಕ್ಕುವುದು ಹೇಗೆ? ಮತ್ತೆ ಬದಲಾಯಿಸಿ ಯೋಶಿಯಾಕಿ ಮಾಡಿದರು. ಆ "ಆಕಿ"ಗೆ ಬಯಲಾಗು, ಕಾಣಿಸಿಕೋ ಅನ್ನುವ ಅರ್ಥ. ದೊಡ್ಡ ದೊಡ್ಡ ಅಧಿಕಾರಿಗಳು ಗಂಭೀರವಾಗಿ ಕೂತು ಮಾಡಿದ ಕೆಲಸ ಇದು. ಹೆಸರಿಗೆ ಶಕ್ತಿ ಇದೆ ಅಂತ ಅವರು ನಿಜವಾಗಿ ನಂಬಿದ್ದರು. ಅವನು ಕೊನೆಗೆ 1189ರಲ್ಲಿ ದೂರದ ಹಿರಾಯ್ಜುಮಿಯಲ್ಲಿ ಸತ್ತ.

ಆ ಇನ್ನೊಬ್ಬ ಯೋಶಿಟ್ಸುನೆ, ಕುಜೋ ಯೋಶಿಟ್ಸುನೆ (1169–1206), ಮುಂದೆ ಚಕ್ರವರ್ತಿಯ ಪರವಾಗಿ ಆಳುವ ರೀಜೆಂಟ್ ಆದ, ಒಳ್ಳೆಯ ಕವಿ. ಶಿನ್ ಕೊಕಿನ್ ವಾಕಾ ಶೂ ಅನ್ನುವ ಕವನ ಸಂಕಲನಕ್ಕೆ ಜಪಾನೀ ಲಿಪಿಯ ಮುನ್ನುಡಿ ಬರೆದವನು ಅವನೇ. ಇದು ಸಾಲದು ಅಂತ ಅದೇ ಯುದ್ಧದಲ್ಲಿ ಮೂರನೆಯ ಯೋಶಿಟ್ಸುನೆಯೂ ಇದ್ದ: ಓಮಿ ಸೀಮೆಯ ಯಾಮಾಮೊಟೊ ಯೋಶಿಟ್ಸುನೆ. ಅವನೂ ಮಿನಾಮೊಟೊ ಕುಲದವನೇ, ಅಕ್ಷರ ಕೂಡ ವೀರ ಯೋಶಿಟ್ಸುನೆಯದೇ. 1180ರಲ್ಲಿ ಬಿವಾ ಸರೋವರದ ಕಡೆ ಟಾಯ್ರಾಗಳ ವಿರುದ್ಧ ಎದ್ದವನು.

ಹೊಳೆಬದಿ:

ಓಡಿಹೋದವನ ಹೆಸರು ಅವನಿಗೇ ತಿಳಿಯದೆ ಎರಡು ಸಲ ಬದಲಾಗೋದು! ಇದನ್ನು ಎಲ್ಲೂ ಓದಿರಲಿಲ್ಲ. ಹೆಸರಿಗೆ ಇಷ್ಟು ಮಹತ್ವ ಇದ್ದರೆ, ದಿನಬಳಕೆಯಲ್ಲಿ ಹೆಸರು ಹಿಡಿದು ಕರೀತಿದ್ರಾ?

ಕಾಮೋನದಿ:

ಇಲ್ಲ. ನಿಜವಾದ ಹೆಸರನ್ನು ಬಾಯಲ್ಲಿ ಹೇಳುವುದು ಒರಟುತನ. ಒಡೆಯ ಆಳಿಗೆ, ಅಪ್ಪ ಮಗನಿಗೆ ಹೇಳಬಹುದು ಅಷ್ಟೇ. ಉಳಿದವರು ಪದವಿಯಿಂದಲೋ, ಕರೆಯುವ ಹೆಸರಿನಿಂದಲೋ ಕರೆಯಬೇಕು. ಯೋಶಿಟ್ಸುನೆಯನ್ನು ಜನ ಕರೆದದ್ದು ಕುರೋ ಹೋಗನ್ ಅಂತ. ಕುರೋ ಕರೆಯುವ ಹೆಸರು, ಹೋಗನ್ ಪದವಿ. ಚಕ್ರವರ್ತಿಯ ಹೆಸರಾದರೆ ಇನ್ನೂ ಕಟ್ಟುನಿಟ್ಟು. 823ರಲ್ಲಿ ಪಟ್ಟಕ್ಕೆ ಬಂದ ಜುನ್ನಾ ಚಕ್ರವರ್ತಿಯ ಸ್ವಂತ ಹೆಸರು ಓಟೊಮೊ. ಅದೇ ಹೆಸರಿನ ಹಳೇ ಓಟೊಮೊ ಕುಲದವರು ತಮ್ಮ ಕುಲದ ಹೆಸರನ್ನೇ ಟೊಮೊ ಅಂತ ಮೊಟಕು ಮಾಡಿಕೊಳ್ಳಬೇಕಾಯಿತು.

ಹೋಕೋಜಿ ಗಂಟೆಯ ಬಗ್ಗೆಯೂ ಹೇಳುತ್ತೇನೆ, ಇಲ್ಲೇ ಇರುವುದರಿಂದ ನೋಡಿ ಬಂದಿದ್ದೇನೆ. ಟೊಯೊಕುನಿ ಗುಡಿಯ ಪಕ್ಕದಲ್ಲೇ ದೇವಾಲಯ. 80 ಟನ್‌ಗೂ ಜಾಸ್ತಿ ತೂಕದ ಕಂಚಿನ ಗಂಟೆ, ಮರದ ಮಂಟಪದಲ್ಲಿ ತೂಗುಹಾಕಿದ್ದಾರೆ. ಮೈತುಂಬಾ ಬರಹ. ಅದರಲ್ಲಿ ಕೆಲವು ಅಕ್ಷರಗಳಿಗೆ ಮಾತ್ರ ಬಿಳಿ ಬಣ್ಣದಲ್ಲಿ ಗುರುತು ಮಾಡಿದ್ದಾರೆ, ದೂರದಿಂದಲೇ ಕಾಣುತ್ತದೆ. 1614ರಲ್ಲಿ ಹಿಡೆಯೋಶಿಯ ಮಗ ಹಿಡೆಯೊರಿ ಮಾಡಿಸಿದ್ದು. ನಾಡು ಶಾಂತವಾಗಿರಲಿ ಅನ್ನುವ ನಾಲ್ಕು ಅಕ್ಷರದ ಹಾರೈಕೆ ಅದರಲ್ಲಿದೆ. ಅದರ ಎರಡನೇ ಅಕ್ಷರ "ಇಯೆ" ಅಂತಲೂ, ನಾಲ್ಕನೆಯದು "ಯಾಸು" ಅಂತಲೂ ಓದಬಹುದು. ನಡುವೆ ಇನ್ನೊಂದು ಅಕ್ಷರ ಇದೆ. ನನ್ನ ಹೆಸರನ್ನು ನಡುಮಧ್ಯೆ ಕಡಿದಿದ್ದೀರಿ ಅಂತ ಟೊಕುಗಾವಾ ಕಡೆಯವರು ತಕರಾರು ತೆಗೆದರು. ಅದೇ ವರ್ಷ ಚಳಿಗಾಲದಲ್ಲಿ ಒಸಾಕಾ ಕೋಟೆಗೆ ಮುತ್ತಿಗೆ ಬಿತ್ತು. ಯುದ್ಧಕ್ಕೆ ಕಾರಣ ಬೇರೆ ಸಾವಿರ ಇತ್ತು ಅನ್ನಿ. ಆದರೆ ನೆಪವಾಗಿ ಒಂದು ಹೆಸರು ಸಾಕಾಯಿತು.

ಅಕ್ಷರಮಾಲೆ:

ಕುಲೀನರ ಪೈಕಿ ಕೊನೊಎ ನೊಬುಟಾಡಾನನ್ನೂ ಸೇರಿಸಿ. ಫುಜಿವಾರಾ ವಂಶದ ಅತಿ ಎತ್ತರದ ಐದು ಮನೆಗಳಲ್ಲಿ ಒಂದರವನು, ಲಿಪಿ ಬರೆಯುವುದರಲ್ಲಿ ಆ ಕಾಲದ ಮೂವರು ಶ್ರೇಷ್ಠರಲ್ಲಿ ಒಬ್ಬ. 1577ರಲ್ಲಿ ಅವನ ಗೆಂಪುಕುವಿನಲ್ಲಿ ತಲೆಗೆ ಟೋಪಿ ಇಟ್ಟದ್ದು ಓಡಾ ನೊಬುನಾಗಾ. ಸಾವಿರ ವರ್ಷದ ಹಿನ್ನೆಲೆಯ ಕುಲೀನನಿಗೆ ಒಬ್ಬ ಯೋಧ "ನೊಬು" ಕೊಟ್ಟ. ಮೊದಲು ನೊಬುಮೊಟೊ, ಆಮೇಲೆ ನೊಬುಸುಕೆ, ಕೊನೆಗೆ ನೊಬುಟಾಡಾ. ನೊಬುನಾಗಾನ ಸ್ವಂತ ಹಿರಿಮಗನೂ ನೊಬುಟಾಡಾನೇ, 1582ರಲ್ಲಿ ಹೊನ್ನೋಜಿ ದುರಂತದ ದಿನ (ಸರದಾರನೊಬ್ಬ ತಿರುಗಿಬಿದ್ದು ನೊಬುನಾಗಾ ಸತ್ತ ದಿನ) ಕ್ಯೋಟೋದ ನಿಜೋದಲ್ಲಿ ಸತ್ತವನು. ಎರಡು "ನೊಬು" ಒಂದೇ, ಎರಡು "ಟಾಡಾ" ಬೇರೆ.

ಇನ್ನು ಓದುವ ತೊಡಕು. ಒಂದೇ ಕಾಲದಲ್ಲಿ ಮೂವರು ಯೋಶಿಯಾಕಿಗಳು: ಕೊನೆಯ ಅಶಿಕಾಗಾ ಶೋಗನ್ ಯೋಶಿಯಾಕಿ, ಯಾಮಾಗಾಟಾದ ಮೊಗಾಮಿ ಯೋಶಿಯಾಕಿ, ಮಾಟ್ಸುಯಾಮಾ ಕೋಟೆ ಕಟ್ಟಿಸಿದ ಕಾಟೋ ಯೋಶಿಯಾಕಿ. ಮೂವರೂ ಬರೆಯುವುದು ಬೇರೆ ಬೇರೆ ಅಕ್ಷರ. ಮೊಗಾಮಿಯ ಅಕ್ಷರಗಳನ್ನು ಬಹಳ ಕಾಲ ಯೋಶಿಮಿಟ್ಸು ಅಂತಲೇ ಓದುತ್ತಿದ್ದರು. 11ನೇ ಶತಮಾನದ ಮಿನಾಮೊಟೊ ಯೋಶಿಮಿಟ್ಸು ಬರೆಯುತ್ತಿದ್ದದ್ದು ಅದೇ ಎರಡು ಅಕ್ಷರ, ಹಾಗಾಗಿ ಅದು ಸಹಜ. ಆಮೇಲೆ ಉಚ್ಚಾರದ ಲಿಪಿಯಲ್ಲಿ "ಯೋಶಿಯಾಕಿ" ಅಂತ ಬರೆದ ಪತ್ರದಿಂದ ಸರಿಯಾದ ಓದು ಗೊತ್ತಾಯಿತು. ಚಿನ್ನದ ಮಂಟಪ ಕಟ್ಟಿಸಿದ ಅಶಿಕಾಗಾ ಯೋಶಿಮಿಟ್ಸುನ "ಮಿಟ್ಸು" ಮತ್ತೆ ಬೇರೆಯೇ. ಅಂದರೆ ಕೇಳಲು ಒಂದಾದರೂ ಬರೆಯಲು ಬೇರೆ, ಬರೆಯಲು ಒಂದಾದರೂ ಕೇಳಲು ಬೇರೆ, ಎರಡೂ ಇದೆ. ನಾವು ಕನ್ನಡದಲ್ಲಿ ಓದುವಾಗ ಅಕ್ಷರದ ವ್ಯತ್ಯಾಸ ಪೂರ್ತಿ ಮರೆಯಾಗಿಬಿಡುತ್ತದೆ. ಆದ್ದರಿಂದ ಜಪಾನೀ ಓದುಗರಿಗಿಂತ ನಮಗೆ ಗೊಂದಲ ಜಾಸ್ತಿ.

ಸಕ್ಕರೆಸೀಮೆ:

ಮನೆತನದ ಹೆಸರೂ ಒಂದೇ, ವ್ಯಕ್ತಿಯ ಹೆಸರೂ ಒಂದೇ, ಅಕ್ಷರವೂ ಒಂದೇ, ಕಾಲವೂ ಒಂದೇ. ಹಾಗೆ ಯಾರಾದರೂ ಇದ್ದಾರಾ?

ಕೋಟೆಕೊತ್ತಲ:

ಇದ್ದಾರೆ. ಸಕಾಯ್ ಟಾಡಾಕಟ್ಸು ಮತ್ತು ಸಕಾಯ್ ಟಾಡಾಕಟ್ಸು.

ಸಕಾಯ್‌ಗಳು ಟೊಕುಗಾವಾ ಮನೆಯ ಅತಿ ಹಳೇ ಸೇವಕರು, ಅವರಲ್ಲಿ ಎರಡು ಮುಖ್ಯ ಕವಲು. ಒಂದು ಕವಲಿನ ಟಾಡಾಕಟ್ಸು (1587–1662) ಮೂರನೇ ಶೋಗನ್ ಇಯೆಮಿಟ್ಸುಗೆ ಬಲಗೈ. 1634ರಲ್ಲಿ ಒಬಾಮಾ ಸಂಸ್ಥಾನ ಸಿಕ್ಕಿತು, 1638ರಲ್ಲಿ ಟಾಯ್ರೋ ಅನ್ನುವ ಎಲ್ಲಕ್ಕಿಂತ ಮೇಲಿನ ಹುದ್ದೆ. ಇನ್ನೊಂದು ಕವಲಿನ ಟಾಡಾಕಟ್ಸು (1594–1647) ಇಯೆಯಾಸುನ ಹಿರಿಯ ಸರದಾರ ಸಕಾಯ್ ಟಾಡಾಟ್ಸುಗುವಿನ ಮೊಮ್ಮಗ. 1622ರಲ್ಲಿ ಮೊಗಾಮಿ ಯೋಶಿಯಾಕಿಯ ವಂಶದವರು ಒಳಜಗಳದಿಂದ ಸೀಮೆ ಕಳಕೊಂಡಾಗ, ಅದರಲ್ಲಿ ಶೋನಾಯ್ ಭಾಗ ಇವನಿಗೆ ಬಂತು. ಇಬ್ಬರೂ ಅದೇ ಶೋಗನ್‌ನ ಆಸ್ಥಾನದಲ್ಲಿ, ಒಂದೇ ಕಾಲದಲ್ಲಿ.

ಆದರೂ ಅವರ ಕಾಲದವರಿಗೆ ತೊಂದರೆಯೇ ಆಗಲಿಲ್ಲ. ಮೇಲೆ ಕಾಮೋನದಿಯವರು ಹೇಳಿದ್ದೇ ಅದಕ್ಕೆ ಉತ್ತರ. ಯಾರೂ ಟಾಡಾಕಟ್ಸು ಅಂತ ಕರೆಯುತ್ತಲೇ ಇರಲಿಲ್ಲ. ಒಬಾಮಾದವನು ಸನುಕಿ ನೊ ಕಾಮಿ, ಶೋನಾಯ್‌ನವನು ಕುನಾಯ್ ಟಾಯು. ಎರಡೂ ಆಸ್ಥಾನದ ಪದವಿಗಳು. ಗೊಂದಲ ಶುರುವಾದದ್ದು ಪದವಿ ಬಿಟ್ಟು ಸ್ವಂತ ಹೆಸರಿನಿಂದ ಇತಿಹಾಸ ಬರೆಯಲು ಹೊರಟ ನಮಗೆ. ಇನ್ನು 57 ಯುದ್ಧದಲ್ಲಿ ಒಂದು ಗಾಯವೂ ಆಗಲಿಲ್ಲ ಅಂತ ಹೆಸರಾದ ಹೋಂಡಾ ಟಾಡಾಕಟ್ಸುನೂ ಅದೇ ಅಕ್ಷರದವನು, ಅವನು ಇವರಿಗಿಂತ ಒಂದು ತಲೆಮಾರು ಹಿಂದೆ.

ಆ ಅಜ್ಜ ಟಾಡಾಟ್ಸುಗುವಿಗೂ ಒಬ್ಬ ಜೋಡಿ ಇದ್ದ, ಇನಾ ಟಾಡಾಟ್ಸುಗು, ಅದೇ ಅಕ್ಷರ, ಅದೇ ಇಯೆಯಾಸುನ ಸೇವೆ. ಸಕಾಯ್ ಕತ್ತಿ ಹಿಡಿದವನು. ಇನಾ ಕಾಲುವೆ, ಒಡ್ಡು, ಕಂದಾಯದ ಕೆಲಸದವನು, ಎಡೋ ಸುತ್ತಲ ಬಯಲನ್ನು ಗದ್ದೆ ಮಾಡಿದವನು. ಅವನ ಬಗ್ಗೆ ಓದಿ, ಯುದ್ಧದ ಕಥೆಗಳಿಗಿಂತ ಕಡಿಮೆ ಏನಿಲ್ಲ.

ಮುಂಗಾರುಗಾಳಿ:

ಹೊಳೆಬದಿಯವರಿಗೆ ಒಂದು ಸಲಹೆ. ಓದುವಾಗ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದಾದರೆ ಹೆಸರಿನ ಜೊತೆ ಅಪ್ಪ ಯಾರು, ಹೆಸರು ಯಾವಾಗ ಬದಲಾಯಿತು, ಅಕ್ಷರ ಕೊಟ್ಟವರು ಯಾರು ಅಂತ ಬರೆದುಕೊಳ್ಳಿ. ನಿಮಗೆ ಬೇಗ ಉಪಯೋಗಕ್ಕೆ ಬರುವುದು ಸನಾಡಾ ನೊಬುಯುಕಿ. ಆ ಯುಕಿಮುರಾನ ಅಣ್ಣ. ಸೆಕಿಗಹಾರಾ ಹೊತ್ತಿಗೆ ಅಪ್ಪ ಮಾಸಾಯುಕಿ ಮತ್ತು ತಮ್ಮ ಇಯೆಯಾಸುನ ವಿರುದ್ಧ, ಇವನು ಇಯೆಯಾಸುನ ಕಡೆ. ಇವನ "ಯುಕಿ" ಅಪ್ಪನ "ಯುಕಿ"ಯೇ. ಯುದ್ಧ ಮುಗಿದ ಮೇಲೆ ಇವನು ಆ ಅಕ್ಷರ ತೆಗೆದು, ಹಾಗೇ ಓದುವ ಬೇರೆ ಅಕ್ಷರ ಹಾಕಿಕೊಂಡ. ಮುಂಚೆಯೂ ನೊಬುಯುಕಿ, ಆಮೇಲೂ ನೊಬುಯುಕಿ. ಸೋತ ಅಪ್ಪನ ಅಕ್ಷರ ಮಾತ್ರ ಕಾಗದದಲ್ಲಿ ಇಲ್ಲ. ಅವನು 1658ರವರೆಗೆ ಬದುಕಿದ, ಮಾಟ್ಸುಶಿರೊದಲ್ಲಿ ಸನಾಡಾ ಮನೆ 19ನೇ ಶತಮಾನದ ಮೇಜಿ ಕಾಲದವರೆಗೂ ಉಳಿಯಿತು.

ಹೊಳೆಬದಿ:

ಬರೆದುಕೊಂಡೆ. ಇವತ್ತು ರಾತ್ರಿ ಅಜಾಯಿ ಅಧ್ಯಾಯವನ್ನು ಮತ್ತೆ ಮೊದಲಿಂದ ಓದುತ್ತೇನೆ, ಈ ಸಲ "ಮಾಸಾ"ಗಳನ್ನು ಹಿಡಿದುಕೊಂಡು. ಆಮೇಲೆ ಇನಾ ಟಾಡಾಟ್ಸುಗು ಬಗ್ಗೆ ಕೇಳಬೇಕು. ಕೋಟೆಕೊತ್ತಲ ಸರ್, ಆ ಕಾಲುವೆಗಳ ಬಗ್ಗೆ ಬೇರೆ ಎಳೆ ತೆರೆಯಲಾ?